ನೊರೆ ಇಲ್ಲದ ಜಾಗ

ಪ್ರೀತಿಯ ತಿಪ್ಪೇಶ,

ಎರಡು ಸಲ ಫೋನ್ ಮಾಡಿದೆ, ನೀನು ಕ್ಲಾಸಿನಲ್ಲಿದ್ದೆ. ಆಮೇಲೆ ಅನ್ನಿಸಿತು, ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಕೂತು ಬರೆಯಬೇಕು ಅಂತ. ನಿನ್ನ ಹಾಗೆ ವರ್ಷಾ ವರ್ಷಾ ಮಕ್ಕಳನ್ನು ಪ್ರವಾಸಕ್ಕೆ ಕರ್ಕೊಂಡು ಹೋಗುವ ಮೇಷ್ಟ್ರುಗಳು ಎಷ್ಟೋ ಜನ ಇದ್ದಾರಲ್ಲ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೇ ಹಾಕುತ್ತಿದ್ದೇನೆ.

ದೀಪಾವಳಿ ಕಳೆದ ಮೇಲೆ ನಾಲ್ಕು ದಿನ ರಜೆ ಹಾಕಿ ಮೂಲ್ಕಿಗೆ ಹೋಗಿದ್ದೆವು. ನಾನು, ಸುಜಾತ, ಮಗಳು. ಸುಮ್ನೆ ಕಡಲು ನೋಡಿ, ಮೀನೂಟ ಮಾಡಿ, ಮಲಗಿ ಎದ್ದು ಬರೋಣ ಅಂತ ಹೊರಟಿದ್ದು. ಆದರೆ ಮಗಳು ಮೊದಲೇ ಹಟ ಹಿಡಿದಿದ್ದಳು, ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆಯ ಜೊತೆ ಜಾರಿ ಬರುವ ಆಟ, ಕಲಿಯಲೇಬೇಕು ಅಂತ. ಹನ್ನೆರಡು ವರ್ಷದ ಹುಡುಗಿಯನ್ನು ಒಬ್ಬಳನ್ನೇ ನೀರಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ನಾನೂ ಹೆಸರು ಬರೆಸಿದೆ.

ಮೂಲ್ಕಿ ಗೊತ್ತಲ್ಲ, ಮಂಗಳೂರಿಗೂ ಉಡುಪಿಗೂ ನಡುವೆ, ಬಪ್ಪನಾಡು ದುರ್ಗಾಪರಮೇಶ್ವರಿಯ ಊರು. ಶಾಂಭವಿ ಹೊಳೆ ಕಡಲು ಸೇರುವುದು ಅಲ್ಲೇ. ನಮ್ಮ ದೇಶದಲ್ಲಿ ಸರ್ಫಿಂಗ್ ಬೇರು ಬಿಟ್ಟಿದ್ದು ಈ ಸಣ್ಣ ಊರಿನಲ್ಲಿ ಅಂದರೆ ನೀನು ನಂಬುತ್ತೀಯಾ? ಜ್ಯಾಕ್ ಹೆಬ್ನರ್ ಅನ್ನುವ ಅಮೆರಿಕದ ಕೃಷ್ಣಭಕ್ತರೊಬ್ಬರು ಇಲ್ಲಿ ಆಶ್ರಮ ಮಾಡಿಕೊಂಡಿದ್ದರು. 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಜನ ಅವರನ್ನು ಸರ್ಫಿಂಗ್ ಸ್ವಾಮಿ ಅಂತಲೇ ಕರೆದರು. 2016ರಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಈಗ ಊರಿನ ಹುಡುಗರೇ ಕಲಿಸುವ ಕೆಲಸಕ್ಕೆ ಇಳಿದಿದ್ದಾರೆ. ನಮಗೆ ಕಲಿಸಿದವನು ಮೊಗವೀರರ ಹುಡುಗ. ಅಪ್ಪ ದೋಣಿಯಲ್ಲಿ ಮೀನಿಗೆ ಹೋಗುತ್ತಾರೆ, ಮಗ ಬೋರ್ಡ್ ಹೊತ್ತು ಬರುತ್ತಾನೆ.

ಮೊದಲ ದಿನ ಬೆಳಿಗ್ಗೆ ಆರೂವರೆಗೆ ಕರೆದಿದ್ದ. ಇಷ್ಟು ಬೇಗ ಯಾಕೆ ಅಂತ ಕೇಳಿದೆ. ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದಂತೆ. ಅದು ಅಲೆಯ ಎದುರು ಬೀಸಿ ಅಲೆಯ ಮೈ ನುಣ್ಣಗೆ ಮಾಡುತ್ತದೆ. ಹೊತ್ತು ಏರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ, ಕಡಲು ಕದಡುತ್ತದೆ. ನೀನು ಏಳನೇ ಕ್ಲಾಸಿಗೆ ಪಾಠ ಮಾಡುತ್ತೀಯಲ್ಲ, ನೆಲಗಾಳಿ, ಕಡಲಗಾಳಿ ಅಂತ. ಅದೇ. ನಾವು ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಬರೆದಿದ್ದೆವು. ಅಲ್ಲಿ ಅದು ಬೆನ್ನಿಗೆ ತಣ್ಣಗೆ ತಾಗುತ್ತಿತ್ತು.

ಬಂದ ಕೂಡಲೇ ನೀರಿಗೆ ಬಿಡುತ್ತಾನೆ ಅಂದುಕೊಂಡಿದ್ದೆ. ಇಲ್ಲ. ಮರಳಿನ ಮೇಲೆ ಕೂರಿಸಿದ. "ಹತ್ತು ನಿಮಿಷ ಸುಮ್ಮನೆ ಕಡಲು ನೋಡಿ. ಮಾತಾಡಬೇಡಿ" ಅಂದ. ಮಗಳು ಚಡಪಡಿಸಿದಳು. ನನಗೂ ಮೊದಲು ಏನೂ ಕಾಣಲಿಲ್ಲ, ಅಲೆ ಬರುತ್ತೆ, ಹೋಗುತ್ತೆ ಅಷ್ಟೇ. ಆಮೇಲೆ ಮೆಲ್ಲಗೆ ಕಾಣತೊಡಗಿತು. ಅಲೆಗಳು ಒಂದೇ ಸಮ ಬರುವುದಿಲ್ಲ. ಮೂರೋ ನಾಲ್ಕೋ ದೊಡ್ಡವು ಒಟ್ಟಿಗೆ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಸಣ್ಣವು. ಮತ್ತೆ ದೊಡ್ಡವು. ಈ ಗುಂಪಿಗೆ ಅವರು ಸೆಟ್ ಅನ್ನುತ್ತಾರೆ.

ಇನ್ನೊಂದು ಮಾತು ಹೇಳಿದ, ಅದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿಗೆ ಬರುವ ಅಲೆಗಳಲ್ಲಿ ಎಷ್ಟೋ ಇಲ್ಲಿ ಹುಟ್ಟಿದವಲ್ಲ. ಎಲ್ಲೋ ದಕ್ಷಿಣದಲ್ಲಿ, ಹಿಂದೂ ಮಹಾಸಾಗರದ ಆ ತುದಿಯಲ್ಲಿ ಬಿರುಗಾಳಿ ಎದ್ದಿರುತ್ತದೆ. ಅದು ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ದಾಟಿ, ದಿನಗಟ್ಟಲೆ ಸಾಗಿ ನಮ್ಮ ದಡಕ್ಕೆ ಬರುತ್ತದೆ. ನೀರು ಬರುವುದಿಲ್ಲ, ಅಲೆ ಮಾತ್ರ ಬರುತ್ತದೆ. ರಾಗಿ ಹೊಲದಲ್ಲಿ ಗಾಳಿ ಬೀಸಿದಾಗ ಈ ಬದುವಿನಿಂದ ಆ ಬದುವಿಗೆ ಅಲೆ ಓಡುತ್ತಲ್ಲ, ತೆನೆ ನಿಂತಲ್ಲೇ ಬಾಗಿ ಏಳುತ್ತಲ್ಲ, ಹಾಗೆ. ದಡದ ಹತ್ತಿರ ಆಳ ಕಡಿಮೆಯಾದಾಗ ಅಲೆಯ ಬುಡಕ್ಕೆ ನೆಲ ಅಡ್ಡ ಬರುತ್ತದೆ. ಬುಡ ನಿಧಾನ, ತಲೆ ಮುಂದೆ. ಮುಗ್ಗರಿಸುತ್ತದೆ. ಮೂರಡಿ ಅಲೆ ಸುಮಾರು ನಾಲ್ಕಡಿ ನೀರಿಗೆ ಬಂದಾಗ ಒಡೆದು ನೊರೆಯಾಗುತ್ತದೆ. ಅಂದರೆ ನೊರೆ ನೋಡಿಯೇ ಕೆಳಗಿನ ಆಳ ಅಳೆಯಬಹುದು. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕು.

ಆಮೇಲೆ ಮರಳಿನ ಮೇಲೇ ಅಭ್ಯಾಸ. ಬೋರ್ಡ್ ಒಂಬತ್ತಡಿ ಉದ್ದ, ಮೇಲೆ ಮೆತ್ತನೆ ಫೋಮ್, ಕಲಿಯುವವರಿಗೇ ಮಾಡಿದ್ದು. ಹಿಂದಿನ ಕಾಲಿನ ಮಣಿಗಂಟಿಗೆ ಲೀಶ್ ಅನ್ನುವ ಹಗ್ಗ ಕಟ್ಟುತ್ತಾರೆ, ಬಿದ್ದರೆ ಬೋರ್ಡ್ ಕೈತಪ್ಪಿ ಹೋಗಬಾರದು ಅಂತ. ಹೊಟ್ಟೆ ಮೇಲೆ ಮಲಗಬೇಕು. ಕೈಗಳಿಂದ ನೀರು ಎಳೆಯಬೇಕು. ಅಂಗೈ ಎರಡನ್ನೂ ಎದೆಯ ಪಕ್ಕ ಊರಿ, ಒಂದೇ ಏಟಿಗೆ ಎದ್ದು ನಿಲ್ಲಬೇಕು. ಇದಕ್ಕೆ ಪಾಪ್-ಅಪ್ ಅನ್ನುತ್ತಾರೆ. ಮಂಡಿ ಬಗ್ಗಿರಬೇಕು, ಕಣ್ಣು ಮುಂದೆ. ಬೀಳುವುದನ್ನೂ ಕಲಿಸಿದ. ತಲೆ ಮುಂದೆ ಮಾಡಿ ಹಾರಬಾರದು, ಅಗಲವಾಗಿ ಮೈ ಚೆಲ್ಲಿ ಬೀಳಬೇಕು, ಮೇಲೆ ಬರುವಾಗ ಎರಡೂ ಕೈ ತಲೆಗೆ ಅಡ್ಡ. ಅಲೆಗೂ ನಮಗೂ ನಡುವೆ ಬೋರ್ಡ್ ಇಟ್ಟುಕೊಳ್ಳಲೇಬಾರದು, ಅಲೆ ಅದನ್ನು ನಮ್ಮ ಮುಖಕ್ಕೇ ತಂದು ಹೊಡೆಯುತ್ತದೆ. ಈ ಬೀಳುವ ಪಾಠವನ್ನು ನಾಲ್ಕು ಸಲ ಹೇಳಿಸಿದ, ನಮ್ಮ ಬಾಯಿಂದಲೇ.

ನೀರಿಗೆ ಇಳಿದ ಮೇಲೆ ಸೊಂಟದ ಆಳದಲ್ಲೇ ಎಲ್ಲ ಕಲಿಕೆ. ಒಡೆದು ಬರುವ ನೊರೆಯ ಅಲೆಯಲ್ಲಿ ಮೊದಲು. ಮಗಳು ಮೂರನೇ ಸಲಕ್ಕೇ ನಿಂತಳು. ನನಗೆ ಮೊದಲ ದಿನ ಆಗಲಿಲ್ಲ. ಎರಡನೇ ದಿನವೂ ಅರ್ಧ ಹೊತ್ತು ಬಿದ್ದೆ, ಎದ್ದೆ, ಬಿದ್ದೆ. ಮೂಗಿನಲ್ಲಿ ಉಪ್ಪುನೀರು, ಮಂಡಿ ತರಚಿ ಉರಿ. ಅವನು ಪಕ್ಕದಲ್ಲೇ ನಿಂತು, "ಬೋರ್ಡ್ ನೋಡಬೇಡಿ ಮಾರಾಯ್ರೆ. ಕೆಳಗೆ ನೋಡಿದರೆ ಕೆಳಗೇ ಹೋಗ್ತೀರಿ. ಆ ತೆಂಗಿನ ಮರ ನೋಡಿ" ಅಂದ. ದಡದಲ್ಲಿ ಒಂದು ಮರ ಸ್ವಲ್ಪ ಓರೆಯಾಗಿ ನಿಂತಿತ್ತು. ಅದನ್ನೇ ನೋಡಿದೆ. ಹಿಂದಿನಿಂದ ಭೋರ್ ಅನ್ನುವ ಸದ್ದು ಹತ್ತಿರ ಬಂತು, ಬೋರ್ಡಿನ ಹಿಂಬದಿ ಎತ್ತಿದ ಹಾಗಾಯಿತು. "ಏಳಿ!" ಅಂದ. ಎದ್ದೆ.

ತಿಪ್ಪೇಶ, ನಿಂತ ಕೂಡಲೇ ಸದ್ದು ಬದಲಾಯಿತು. ಅಷ್ಟು ಹೊತ್ತು ಕಿವಿ ತುಂಬಿದ್ದ ಭೋರ್ಗರೆತ ಹಿಂದೆ ಉಳಿಯಿತು. ಕಾಲ ಕೆಳಗೆ ಸರ್ರ್ ಅಂತ ಸಣ್ಣ ಸದ್ದು, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ. ಮರ ನನ್ನ ಕಡೆಗೆ ಬರುತ್ತಿತ್ತು. ನಾನು ಏನೂ ಮಾಡುತ್ತಿರಲಿಲ್ಲ, ಕಡಲೇ ಹೊತ್ತು ತರುತ್ತಿತ್ತು. ನಾಲ್ಕೈದು ಸೆಕೆಂಡ್ ಇರಬಹುದು ಅಷ್ಟೇ. ಮರಳಿಗೆ ಬೋರ್ಡ್ ತಾಗಿ ಇಳಿದಾಗ ಮಗಳು ಓಡಿ ಬಂದು ತಬ್ಬಿಕೊಂಡಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಉಪ್ಪುನೀರಿನಿಂದ ಮಾತ್ರ ಅಲ್ಲ.

ಆದರೆ ನಿನಗೆ ಇಷ್ಟು ಉದ್ದ ಬರೆಯಲು ಕಾರಣ ಮೂರನೇ ದಿನದ ಪಾಠ.

ಅವತ್ತು ಅವನು ಬೋರ್ಡ್ ತರಲಿಲ್ಲ. ಬರಿಗೈಯಲ್ಲಿ ಬಂದು, ದಡದಲ್ಲಿ ಸ್ವಲ್ಪ ದೂರ ನಡೆಸಿದ. ಒಂದು ಕಡೆ ನಿಲ್ಲಿಸಿ, "ಇಲ್ಲಿ ಸ್ನಾನಕ್ಕೆ ಇಳಿಯಬೇಕು ಅಂದರೆ ಯಾವ ಜಾಗ ಆರಿಸ್ತೀರಿ?" ಅಂತ ಕೇಳಿದ. ನೋಡಿದೆ. ಎಡಕ್ಕೂ ಬಲಕ್ಕೂ ಅಲೆ ಒಡೆದು ಬೆಳ್ಳಗೆ ನೊರೆ. ನಡುವೆ ಒಂದು ಹದಿನೈದು ಮಾರು ಅಗಲದಲ್ಲಿ ನೊರೆಯೇ ಇಲ್ಲ. ನೀರು ಸಮಾಧಾನವಾಗಿತ್ತು, ಸ್ವಲ್ಪ ಕಪ್ಪಗೆ. ಮಕ್ಕಳಿಗೆ ಅದೇ ಒಳ್ಳೆಯದು ಅಂತ ಕೈ ತೋರಿಸಿದೆ.

ಅವನು ಮಾತಾಡಲಿಲ್ಲ. ದಡದಲ್ಲಿ ಬಿದ್ದಿದ್ದ ಒಣ ತೆಂಗಿನ ಸಿಪ್ಪೆ ಎತ್ತಿ ಆ ಜಾಗಕ್ಕೆ ಎಸೆದ. ಸಿಪ್ಪೆ ಸ್ವಲ್ಪ ಹೊತ್ತು ನಿಂತಲ್ಲೇ ತಿರುಗಿತು. ಆಮೇಲೆ ಹೊರಟಿತು. ದಡಕ್ಕಲ್ಲ, ಕಡಲಿಗೆ. ನಾವು ನಡೆಯುವಷ್ಟು ವೇಗದಲ್ಲಿ, ನೆಟ್ಟಗೆ, ಅಲೆಗಳಿಗೆ ಎದುರಾಗಿ. ನೋಡುತ್ತಿದ್ದ ಹಾಗೇ ಒಂದು ಚುಕ್ಕಿಯಾಯಿತು. ಮಗಳು ನನ್ನ ಕೈ ಹಿಡಿದುಕೊಂಡಳು.

ಇದೇ ರಿಪ್ ಕರೆಂಟ್. ಸೆಳವು. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕಲ್ಲ. ನಾವು ಪಾತಿಗೆ ನೀರು ಬಿಟ್ಟಾಗ ಬದು ಎಲ್ಲಿ ಕುಸಿದಿದೆಯೋ ಅಲ್ಲೇ ಎಲ್ಲ ನೀರೂ ನುಗ್ಗುತ್ತಲ್ಲ, ಹಾಗೇ ಇದು ಮರಳಿನ ದಿಬ್ಬದಲ್ಲಿ ತಗ್ಗಿರುವ ಕಡೆ ಹುಡುಕಿ ಕಾಲುವೆಯ ಹಾಗೆ ಹರಿಯುತ್ತದೆ. ತಗ್ಗು ಅಂದರೆ ಆಳ. ಆಳ ಇದ್ದಲ್ಲಿ ಅಲೆ ಒಡೆಯುವುದಿಲ್ಲ. ಒಡೆಯದಿದ್ದರೆ ನೊರೆ ಇಲ್ಲ. ಅದಕ್ಕೇ ಎಲ್ಲಕ್ಕಿಂತ ಅಪಾಯದ ಜಾಗ ಎಲ್ಲಕ್ಕಿಂತ ಶಾಂತವಾಗಿ ಕಾಣುತ್ತದೆ. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ, ಇಳಿತದ ಹೊತ್ತಿನಲ್ಲಿ, ಇನ್ನೂ ಜೋರು.

ನಾನು ಕೈ ತೋರಿಸಿದ್ದು ಅಲ್ಲಿಗೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. 2024ರ ಡಿಸೆಂಬರ್ ನೆನಪಾಯಿತು. ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ನೀರುಪಾಲಾದರು. ಅವತ್ತು ನೀನು ಫೋನಿನಲ್ಲಿ ಎಷ್ಟೋ ಹೊತ್ತು ಮಾತೇ ಆಡಲಿಲ್ಲ. ಕೊನೆಗೆ, "ಇನ್ನು ನಾನು ಮಕ್ಕಳನ್ನು ಕಡಲ ಹತ್ತಿರ ಕರ್ಕೊಂಡು ಹೋಗಲ್ಲ ಕಣೋ" ಅಂದೆ. ಅವತ್ತಿನಿಂದ ನಿನ್ನ ಪ್ರವಾಸ ಅಂದರೆ ಹಂಪಿ, ಬಾದಾಮಿ, ಬೇಲೂರು. ನಾನು ಅದನ್ನು ತಪ್ಪು ಅನ್ನುವುದಿಲ್ಲ. ಐವತ್ತು ಮಕ್ಕಳ ತಂದೆ ತಾಯಿಗೆ ಉತ್ತರ ಹೇಳಬೇಕಾದವನು ನೀನು.

ಆದರೂ ಯೋಚನೆ ಮಾಡು. ನಮ್ಮ ಬಯಲುಸೀಮೆಯವರಿಗೆ ನೀರು ಅಂದರೆ ಹಬ್ಬ. ಮಾರಿಕಣಿವೆ ಜಲಾಶಯ 2022ರಲ್ಲಿ 89 ವರ್ಷದ ಮೇಲೆ ಕೋಡಿ ಬಿದ್ದಾಗ ಹಿರಿಯೂರಿಗೆ ಹಿರಿಯೂರೇ ನೋಡಲು ಹೋಗಿತ್ತು, ನಾವಿಬ್ಬರೂ ಹೋಗಿದ್ದೆವು. ಅಂಥ ಊರಿನ ಮಕ್ಕಳು ಬಸ್ಸಿನಿಂದ ಇಳಿದು ಮೊದಲ ಸಲ ಅಷ್ಟು ನೀರು ಕಂಡರೆ ಓಡದೆ ಇರುತ್ತಾರಾ? ಓಡುತ್ತಾರೆ. ನೀನು ಕರೆದುಕೊಂಡು ಹೋಗದಿದ್ದರೆ ಹತ್ತು ವರ್ಷ ಆದ ಮೇಲೆ ಗೆಳೆಯರ ಜೊತೆ ಗೋಕರ್ಣಕ್ಕೋ ಮಲ್ಪೆಗೋ ತಾವೇ ಹೋಗುತ್ತಾರೆ. ಆಗಲೂ ನೊರೆ ಇಲ್ಲದ ಜಾಗವನ್ನೇ ಆರಿಸುತ್ತಾರೆ, ನಾನು ಆರಿಸಿದ ಹಾಗೆ. ಯಾರೂ ಅವರನ್ನು ಕೂರಿಸಿ ಹತ್ತು ನಿಮಿಷ ಕಡಲು ನೋಡಿ ಅಂದಿರುವುದಿಲ್ಲ.

ಸೆಳವಿಗೆ ಸಿಕ್ಕರೆ ಏನು ಮಾಡಬೇಕು ಅಂತಲೂ ಹೇಳಿಕೊಟ್ಟ. ಅದು ನಮ್ಮನ್ನು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಜನ ಹೆದರಿ ನೇರ ದಡಕ್ಕೆ ಈಜುತ್ತಾರೆ, ಸೋತು ಮುಳುಗುತ್ತಾರೆ. ಜೋರು ಸೆಳವಿಗೆ ಎದುರು ಈಜಿ ಒಳ್ಳೆ ಈಜುಗಾರನೂ ಗೆಲ್ಲಲಾರ. ಮೊದಲು ತೇಲಬೇಕು. ಕೈ ಎತ್ತಿ ಕೂಗಬೇಕು. ಈಜಲು ಬಂದರೆ ದಡಕ್ಕೆ ಸಮನಾಗಿ, ಅಡ್ಡಕ್ಕೆ ಈಜಿ ಕಾಲುವೆ ದಾಟಬೇಕು. ನೊರೆ ಇರುವ ಕಡೆ ಸೇರಿದರೆ ಅಲೆಗಳೇ ದಡಕ್ಕೆ ತಳ್ಳುತ್ತವೆ. ಕೊನೆಗೆ ಅವನು ಅಂದ ಮಾತು ಕೇಳು: "ನೀರಿನ ಹತ್ತಿರ ಜಗಳ ಮಾಡಬೇಡಿ. ಮೈ ಸಡಿಲ ಬಿಡಿ."

ನನಗೆ ನಿಮ್ಮಪ್ಪನ ದನಿಯೇ ಕೇಳಿಸಿತು. ನಿಮ್ಮ ತೋಟದ ಬಾವಿ. ನಮ್ಮಿಬ್ಬರ ಬೆನ್ನಿಗೂ ಒಣ ಸೋರೆಬುರುಡೆ ಕಟ್ಟಿ, ಹಗ್ಗದ ತುದಿ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. "ಗುದ್ದಾಡಬ್ಯಾಡ್ರಲೇ, ಮೈ ಸಡ್ಲ ಬಿಡ್ರಿ, ನೀರೇ ಹೊರ್ತೈತೆ." ಕಡಲನ್ನೇ ಕಾಣದ ಅವರು ಹೇಳಿದ್ದೂ, ಕಡಲಲ್ಲೇ ಬೆಳೆದ ಈ ಹುಡುಗ ಹೇಳಿದ್ದೂ ಒಂದೇ. ನೀನು ನನಗಿಂತ ಮೊದಲೇ ಬುರುಡೆ ಬಿಚ್ಚಿ ಈಜಿದವನು. ನಿನಗೆ ಇದೆಲ್ಲ ಎರಡು ದಿನದಲ್ಲಿ ಹತ್ತುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ಸಂಕ್ರಾಂತಿ ಹೊತ್ತಿಗೆ ಮೂರು ದಿನ ಬಿಡುವು ಮಾಡಿಕೋ. ಮೊದಲು ನೀನು ಒಬ್ಬನೇ ಬಾ, ಮಕ್ಕಳ ವಿಷಯ ಆಮೇಲೆ. ಶಿವಮೊಗ್ಗಕ್ಕೆ ಬಂದು, ಆಗುಂಬೆ ಇಳಿದು ಉಡುಪಿ ಸೇರು. ಅಲ್ಲಿಂದ ಮಂಗಳೂರು ಕಡೆಗೆ ಹೋಗುವ ಬಸ್ಸು ಮೂಲ್ಕಿಗೆ ಬಿಡುತ್ತದೆ. ನಾನು ಬೆಂಗಳೂರಿನಿಂದ ಹಿಂದಿನ ರಾತ್ರಿಯೇ ಹೊರಡುತ್ತೇನೆ. ಕಲಿಯುವವರಿಗೆ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಕಡಲು ಹದವಾಗಿರುತ್ತದೆ, ಮಳೆಗಾಲದಲ್ಲಿ ಆ ಕಡೆ ತಲೆ ಹಾಕುವ ಹಾಗಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ, ಹೊರಡುವ ಮೊದಲು ಅದನ್ನೂ ನೋಡೋಣ. ಪ್ರವಾಸದ ಮೊದಲು ನೋಡುವ ಅಭ್ಯಾಸ ನಿನಗೂ ಆಗಲಿ.

ನಿನ್ನ ಮಕ್ಕಳಿಗೆ ಒಂದು ಸುದ್ದಿ ಹೇಳು. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ರಮೇಶ್ ಬುದಿಹಾಳ್ ಕಂಚು ಗೆದ್ದರು. ಹೆಸರು ಕೇಳಿದರೆ ನಮ್ಮ ಕಡೆಯ ಊರಿನ ಹೆಸರಿನ ಹಾಗೇ ಇದೆ, ಮಕ್ಕಳಿಗೆ ಖುಷಿಯಾಗುತ್ತದೆ.

ಬರುವಾಗ ಎರಡು ಟವೆಲ್, ಮೈಗಂಟುವ ತುಂಬುತೋಳಿನ ಬನಿಯನ್ ತಗೋ, ಇಲ್ಲದಿದ್ದರೆ ಬೋರ್ಡ್ ಉಜ್ಜಿ ಹೊಟ್ಟೆಯೆಲ್ಲ ಉರಿಯುತ್ತದೆ. ಪಾಠ ಮುಗಿದ ಮೇಲೆ ಬನ್ಸ್, ಚಹಾ ಸಿಗುವ ಗೂಡಂಗಡಿ ನೋಡಿಟ್ಟಿದ್ದೇನೆ. ಮತ್ತೆ ನಿಮ್ಮಪ್ಪನ ಹತ್ತಿರ ಕೇಳು, ಆ ಸೋರೆಬುರುಡೆ ಇನ್ನೂ ಅಟ್ಟದ ಮೇಲೆ ಇದೆಯಾ ಅಂತ. ಇದ್ದರೆ ತಗೊಂಡು ಬಾ. ಆ ಹುಡುಗನಿಗೆ ತೋರಿಸಬೇಕು.

ನಿನ್ನ,
ಮಂಜು