ಎರಡು ಶಾಲಾ ಕೊಠಡಿಗಳ ಹೆಚ್ಚುವರಿ ಬಿಲ್ಲಿಗೆ ಆಕ್ಷೇಪ

ಇಂದ,
ಅಧ್ಯಕ್ಷರು ಮತ್ತು ಸದಸ್ಯರು,
ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ.

ಇವರಿಗೆ,
ವ್ಯವಸ್ಥಾಪಕರು,
ಕಾಮಗಾರಿಯ ಗುತ್ತಿಗೆ ಪಡೆದ ಸಂಸ್ಥೆ,
ಶಿವಮೊಗ್ಗ.

ವಿಷಯ: ಎರಡು ಕೊಠಡಿಗಳ ಕಾಮಗಾರಿಗೆ ರೂ. 8.15 ಲಕ್ಷ ಹೆಚ್ಚುವರಿ ಕೇಳಿರುವ ಕುರಿತು ದೂರು.

ಮಾನ್ಯರೇ,

ಕರಾರಿನ ಮೊತ್ತ ರೂ. 32.60 ಲಕ್ಷ. ಅದರ ಮೇಲೆ ರೂ. 8.15 ಲಕ್ಷ, ಅಂದರೆ ಸರಿಯಾಗಿ ಕಾಲು ಭಾಗ, ಹೆಚ್ಚುವರಿ ಕೇಳಿದ್ದೀರಿ. ಮಲೆನಾಡಿನ ನೆಲ ಮತ್ತು ಮಳೆ ಕಾರಣವೆಂದು ಹೇಳಿ ಸಮಿತಿಯ ಒಪ್ಪಿಗೆ ಪತ್ರವನ್ನೂ ಬಯಸಿದ್ದೀರಿ. ಹಣ ಮಂಜೂರು ಮಾಡುವ ಅಧಿಕಾರ ನಮಗಿಲ್ಲ. ಒಪ್ಪಿಗೆ ಪತ್ರ ಕೊಡುವ ಮನಸ್ಸೂ ಇಲ್ಲ. ಮಾಹಿತಿ ಹಕ್ಕಿನಡಿ ಪಡೆದ ಅಳತೆ ಪುಸ್ತಕದ ನಕಲು, ಮಂಜೂರಾದ ನಕ್ಷೆ, ನಿಮ್ಮ ಬಿಲ್ಲು ಇವನ್ನು ತಾಳೆ ನೋಡಿದಾಗ ಹೊಂದದೆ ಉಳಿದದ್ದನ್ನು ಕೆಳಗೆ ಬರೆದಿದ್ದೇವೆ.

ಮೊದಲು ಪಾಯದ ಲೆಕ್ಕ, ಏಕೆಂದರೆ ದೊಡ್ಡ ವ್ಯತ್ಯಾಸ ಇರುವುದು ಅಲ್ಲಿಯೇ. ನಕ್ಷೆಯಲ್ಲಿ 15 ಗುಂಡಿಗಳಿವೆ. ಒಂದೊಂದೂ 1.5 ಮೀಟರ್ ಚೌಕ, 1.2 ಮೀಟರ್ ಆಳ. ಒಟ್ಟು 40.5 ಘನ ಮೀಟರ್. ಬಿಲ್ಲಿನಲ್ಲಿ ಹದಿನೈದನ್ನೂ 2.1 ಮೀಟರ್ ಚೌಕ, 1.8 ಮೀಟರ್ ಆಳ ಎಂದು ಹಿಡಿದು 119.07 ಘನ ಮೀಟರ್ ತೋರಿಸಿದ್ದೀರಿ. ಜಗುಲಿ ಕಡೆಯ ಐದು ಗುಂಡಿಗಳು ತುಂಬುಮಣ್ಣಿನಲ್ಲಿ ಬಂದವು, ಅವನ್ನು 1.8 ಮೀಟರ್‌ವರೆಗೆ ಇಳಿಸಲೇಬೇಕಿತ್ತು. ಅದನ್ನು ಒಪ್ಪುತ್ತೇವೆ. ಅದಕ್ಕೆ ಸೇರುವುದು 6.75 ಘನ ಮೀಟರ್. ಅಲ್ಲಿಗೆ ಒಟ್ಟು 47.25. ಕೆಲಸಗಾರರು ಓಡಾಡಲು ಅಂಚು ಅಗಲಿಸಿಕೊಂಡಿದ್ದರೆ ಅದು ನಿಮ್ಮ ಅನುಕೂಲ, ಮಂಜೂರಾದ ಅಳತೆಯಾಚೆಗಿನ ಅಗೆತಕ್ಕೆ ಹಣವಿಲ್ಲ.

ಅಗಲಿಸಿದ್ದೂ ಅನುಮಾನವೇ. ಅದೇ ಬಿಲ್ಲಿನ ಮುಂದಿನ ಪುಟದಲ್ಲಿ ಮಣ್ಣು ಮರುತುಂಬಿದ್ದು 34.3 ಘನ ಮೀಟರ್ ಎಂದಿದೆ. ಗುಂಡಿಯೊಳಗೆ ಕುಳಿತ ಬೆಡ್ ಕಾಂಕ್ರೀಟ್, ಫೂಟಿಂಗ್, ಕಂಬದ ಬುಡ ಎಲ್ಲ ಸೇರಿ ಸುಮಾರು 13. ಎರಡನ್ನೂ ಕೂಡಿದರೆ 47 ಚಿಲ್ಲರೆ, ಅಂದರೆ ನಮ್ಮ ಲೆಕ್ಕವೇ. ಉಳಿದ 72 ಘನ ಮೀಟರ್ ಮಣ್ಣು ಎಲ್ಲಿ ಹೋಯಿತು? ಸಾಗಿಸಿದ ಬಾಬತ್ತು ಬಿಲ್ಲಿನಲ್ಲಿಲ್ಲ, ಶಾಲೆಯ ಅಂಗಳದಲ್ಲಿ ರಾಶಿಯೂ ಇಲ್ಲ.

ಹಿಂಬದಿಯ ಸಾಲಿನ ಗುಂಡಿಗಳಿಗೆ 'ಗಟ್ಟಿ ಬಂಡೆ' ದರ ಹಾಕಿದ್ದೀರಿ. ಅಲ್ಲಿ ಸಿಕ್ಕಿದ್ದು ಜಂಬಿಟ್ಟಿಗೆ, ಅಂದರೆ ಕೆಂಪು ಮುರಕಲ್ಲು. ನೆಲದೊಳಗಿರುವಾಗ ಪಿಕಾಸಿಗೆ ಬಗ್ಗುವ ಈ ಕಲ್ಲು ಗಾಳಿ ಬಿಸಿಲಿಗೆ ತೆರೆದ ಮೇಲೆ ಗಟ್ಟಿಯಾಗುತ್ತದೆ. ನೀವು ಲಗತ್ತಿಸಿದ ಫೋಟೋಗಳು ಗುಂಡಿ ತೋಡಿ ವಾರಗಳು ಕಳೆದ ಮೇಲಿನವು. ಗುಂಡಿಯ ಗೋಡೆಯ ಮೇಲೆ ಜೆಸಿಬಿ ಬಕೆಟ್ಟಿನ ಹಲ್ಲಿನ ಗೀರು ಸಾಲಾಗಿ ಕಾಣುತ್ತದೆ. ಉಳಿಯ ಗುರುತು, ಕುಳಿ ಕೊರೆದ ಗುರುತು ಒಂದೂ ಇಲ್ಲ. ಬಕೆಟ್ಟಿಗೆ ಬಂದದ್ದಕ್ಕೆ ಬಂಡೆ ಒಡೆದ ದರ ಹೇಗೆ?

ಎರಡನೆಯದು ರೂ. 2.85 ಲಕ್ಷದ ತಡೆಗೋಡೆ. ನಕ್ಷೆಯ ಪ್ರಕಾರ ಹಿಂಗೋಡೆಗೂ ಧರೆಯ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆಯ) ಬುಡಕ್ಕೂ 3 ಮೀಟರ್ ಅಂತರ ಬೇಕು. ಮುಂಭಾಗಕ್ಕೆ ಮಣ್ಣು ತುಂಬಿ ದಮ್ಮಸು ಮಾಡುವ ಖರ್ಚು ಉಳಿಸಲು ಕಟ್ಟಡವನ್ನೇ ಒಂದೂವರೆ ಮೀಟರ್ ಹಿಂದಕ್ಕೆ ಸರಿಸಿದಿರಿ. ಅಂತರ ಬಿಡಲು ಗುಡ್ಡವನ್ನು ಮತ್ತೆ ಕಡಿದಿರಿ. 2 ಮೀಟರ್ ಇರಬೇಕಿದ್ದ ಧರೆ 3 ಮೀಟರ್ ಆಯಿತು, ಅದೂ ಇಳುಕಲು ಕೊಡದೆ ನೆಟ್ಟಗೆ. ಧರೆಯ ನೆತ್ತಿಯ ಮೇಲೆ ನೀರು ಅತ್ತ ತಿರುಗಿಸುವ ಚರಂಡಿಯನ್ನೂ ತೆಗೆಯಲಿಲ್ಲ. ಜುಲೈನಲ್ಲಿ ಜಲ (ನೆಲದೊಳಗಿನ ಒರತೆ) ಎದ್ದು ಧರೆಯ ಮಣ್ಣು ಕಿಟಕಿಯ ಮಟ್ಟದವರೆಗೆ ಕುಸಿದದ್ದು ಈ ಕಾರಣಕ್ಕೆ. ಸ್ಥಳ ಬದಲಾವಣೆಗೆ ಲಿಖಿತ ಅನುಮತಿ ಇಲ್ಲ, ತಡೆಗೋಡೆಗೆ ವರ್ಕ್ ಸ್ಲಿಪ್ (ಹೆಚ್ಚುವರಿ ಕೆಲಸಕ್ಕೆ ಒಪ್ಪಿಗೆ ಪಡೆಯುವ ಪಟ್ಟಿ) ಮಂಜೂರಾಗಿಲ್ಲ. ಕಟ್ಟಿ ಮುಗಿಸಿ ಆಮೇಲೆ ಕಾಗದ ತರುವುದು ಹೆಚ್ಚುವರಿ ಕೆಲಸದ ಕ್ರಮವಲ್ಲ.

ಕಟ್ಟಿದ ಗೋಡೆಯೂ ನಿಲ್ಲುವಂತಿಲ್ಲ. 16 ಮೀಟರ್ ಉದ್ದದ ಸೈಜುಗಲ್ಲಿನ ಗೋಡೆಗೆ ನೀರು ಬಸಿಯಲು ಮೂರೇ ಪೈಪು. ಒಂದರ ಬಾಯಿ ಸಿಮೆಂಟಿನಿಂದ ಮುಚ್ಚಿದೆ. ಕಡ್ಡಿ ಹಾಕಿದರೆ ಒಂದು ಗೇಣೂ ಒಳಗೆ ಹೋಗುವುದಿಲ್ಲ. ಗೋಡೆಯ ಹಿಂದೆ ಕಲ್ಲುಚೂರಿನ ಬದಲು ಕಡಿದ ಕೆಂಪು ಮಣ್ಣನ್ನೇ ತುಂಬಿದ್ದೀರಿ. ಬುಡದ ಎರಡು ಅಡಿ ಈಗಲೂ ಒದ್ದೆ, ಸಂದಿನಲ್ಲಿ ಪಾಚಿ. ಇಂಥ ಗೋಡೆಯನ್ನು ಮಣ್ಣಿಗಿಂತ ಹೆಚ್ಚಾಗಿ ತಳ್ಳುವುದು ಅದರ ಹಿಂದೆ ಕಟ್ಟಿ ನಿಂತ ನೀರು. ಒಂದೂವರೆ ಮೀಟರಿಗೊಂದರಂತೆ 100 ಮಿ.ಮೀ. ಪೈಪು, ಹಿಂದೆ ಒಂದಡಿ ದಪ್ಪಕ್ಕೆ ಜಲ್ಲಿ, ಮೇಲೆ ಚರಂಡಿ ಇವನ್ನು ಮುಂದಿನ ಮಳೆಗಾಲಕ್ಕೆ ಮೊದಲು ನಿಮ್ಮ ಖರ್ಚಿನಲ್ಲೇ ಮಾಡಿಕೊಡಬೇಕು.

ಕಬ್ಬಿಣದ ಬಾಬ್ತಿನಲ್ಲಿ ಹಣ ಸಣ್ಣದು, ಚಿಂತೆ ದೊಡ್ಡದು. ಜಗುಲಿಯ ಐದು ಕಂಬಗಳಿಗೆ ನಾಲ್ಕು ನಾಲ್ಕು 16 ಮಿ.ಮೀ. ಕಂಬಿ ಎಂದು ಅಳತೆ ಬರೆಸಿದ್ದೀರಿ. ಕಾಂಕ್ರೀಟ್ ಹಾಕುವ ಮೊದಲು ತೆಗೆದ ಫೋಟೋದಲ್ಲಿ ಟೇಪು ಹಿಡಿದ ಜಾಗದಲ್ಲಿ 12 ಕಾಣುತ್ತದೆ. ಮೀಟರಿಗೆ 1.58 ಕೆಜಿ ಬದಲು 0.89. ಕಂಬಿಯೊಂದಕ್ಕೆ 5 ಮೀಟರ್ ಹಿಡಿದರೆ ಒಟ್ಟು 69 ಕೆಜಿ ಅಷ್ಟೇ. ಆದರೆ ಆ ಕಂಬಗಳ ಮೇಲೆ ಸ್ಲ್ಯಾಬ್ ಇದೆ, ಕೆಳಗೆ ಮಕ್ಕಳು ಊಟಕ್ಕೆ ಕೂರುತ್ತಾರೆ. ಕಂಬಿ ಪತ್ತೆ ಮಾಡುವ ಉಪಕರಣ ತರಿಸಿ ಇಲಾಖೆಯ ಎಂಜಿನಿಯರ್ ಎದುರು ಐದೂ ಕಂಬಗಳ ಪರೀಕ್ಷೆ ಆಗಬೇಕು. ಜೊತೆಗೆ ಸ್ಲ್ಯಾಬಿನ ಕ್ಯೂಬುಗಳ (ಬಲ ಪರೀಕ್ಷೆಗೆ ಎರಕ ಹೊಯ್ದ ಕಾಂಕ್ರೀಟ್ ಘನಗಳ) 28 ದಿನದ ಫಲಿತಾಂಶ ಕೊಡಿ. ಕಡತದಲ್ಲಿರುವುದು 7 ದಿನದ್ದು ಮಾತ್ರ. ತೂಕದ ಮೇಲೆ ಸೇರಿಸಿದ ಶೇ. 5 'ವೇಸ್ಟೇಜ್' ದರದೊಳಗೇ ಇರುವಂಥದ್ದು, ತೆಗೆದುಹಾಕಿ.

ಗಾರೆಯ ಅಳತೆಯಲ್ಲಿ ಕಿಟಕಿ ಬಾಗಿಲಿನ ತೆರಪು ಕಳೆದಿಲ್ಲ. ಅರ್ಧ ಚದರ ಮೀಟರಿನಿಂದ ಮೂರು ಚದರ ಮೀಟರ್‌ವರೆಗಿನ ತೆರಪಿಗೆ ಗೋಡೆಯ ಒಂದು ಮುಖದ ಅಳತೆ ಕಳೆಯಬೇಕು. ಎಂಟು ಕಿಟಕಿ, ಎರಡು ಬಾಗಿಲಿಗೆ ಅದು 15.72 ಚದರ ಮೀಟರ್.

ಜಲ್ಲಿಯ ಲೀಡ್ (ಸಾಗಣೆಯ ದೂರ) ಅಂದಾಜಿನಲ್ಲಿ 18 ಕಿ.ಮೀ. ಇದ್ದದ್ದು ಬಿಲ್ಲಿನಲ್ಲಿ 46 ಆಗಿದೆ. ಯಾವ ಕ್ವಾರಿಯಿಂದ ಬಂತೆಂಬುದನ್ನು ಗಣಿ ಇಲಾಖೆಯ ಸಾಗಣೆ ಪರ್ಮಿಟ್ಟು ಹೇಳುತ್ತದೆ. ಅದರ ಪ್ರತಿ ಒಂದೂ ಲಗತ್ತಾಗಿಲ್ಲ.

ಜಿಎಸ್‌ಟಿ ಶೇ. 12ರಿಂದ 18ಕ್ಕೆ ಏರಿತೆಂದು ವ್ಯತ್ಯಾಸ ಕೇಳಿರುವುದು ಆಶ್ಚರ್ಯ. ಆ ಏರಿಕೆ ಜಾರಿಗೆ ಬಂದದ್ದು 2022ರ ಜುಲೈ 18ರಂದು. ನೀವು ಟೆಂಡರ್ ಹಾಕಿದ್ದು 2024ರ ಅಕ್ಟೋಬರ್‌ನಲ್ಲಿ. ಮಳೆಗೆ ಕೆಲಸ ನಿಂತ ಪರಿಹಾರವೂ ಅಷ್ಟೇ. ನವೆಂಬರ್‌ನಲ್ಲಿ ಕಾರ್ಯಾದೇಶ ಪಡೆದು ಫೆಬ್ರವರಿಯಲ್ಲಿ ಗುಂಡಿ ತೋಡಿದ್ದೀರಿ. ಹೊಸನಗರದಲ್ಲಿ ಜೂನ್ ಮಳೆಯನ್ನು ಅನಿರೀಕ್ಷಿತ ಎನ್ನುವವರು ಇಲ್ಲಿ ಟೆಂಡರ್ ಹಾಕಬಾರದು.

ಈ ಪತ್ರ ತಲುಪಿದ 15 ದಿನಗಳೊಳಗೆ ಜಂಟಿ ಅಳತೆಗೆ ದಿನ ಗೊತ್ತುಮಾಡಿ. ಬರುವಾಗ ಪರ್ಮಿಟ್ಟುಗಳು, ಕ್ಯೂಬ್ ವರದಿ, ಕಂಬಿ ಬಾಗಿಸಿದ ಪಟ್ಟಿ ತನ್ನಿ. ಹಿಂಬದಿಯ ಒಂದು ಗುಂಡಿಯ ಪಕ್ಕ ಮಣ್ಣು ಬಿಡಿಸಿ ನೋಡಲು ಇಬ್ಬರು ಆಳುಗಳನ್ನೂ ಕರೆತನ್ನಿ. ಅಲ್ಲಿಯವರೆಗೆ ಹೆಚ್ಚುವರಿ ಬಿಲ್ಲನ್ನೂ ಭದ್ರತಾ ಠೇವಣಿಯನ್ನೂ ತಡೆಹಿಡಿಯುವಂತೆ ಇಲಾಖೆಯನ್ನು ಕೋರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಮಿತಿಯ ಅಧ್ಯಕ್ಷರು ಮತ್ತು ಸದಸ್ಯರು

ಪ್ರತಿ: ಕಾರ್ಯಪಾಲಕ ಎಂಜಿನಿಯರ್ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಫೋಟೋ ಹಾಗೂ ಲೆಕ್ಕದ ಹಾಳೆಗಳೊಂದಿಗೆ.