ಭಾನುವಾರದ ಹಾಡು: ಸರದಿ ಶುರು ಮಾಡೋಣ

ಅಮಾನಿಕೆರೆ ವಾಕಿಂಗ್ ಬಳಗದ ಎಲ್ಲರಿಗೂ ನಮಸ್ಕಾರ.

ಬೆಳಗಿನ ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳು ಸಾಕು ಅಂತ ಅನೇಕರು ಹೇಳಿದ್ದೀರಿ. ಅದಕ್ಕೇ ಈ ವಾರದಿಂದ ಪ್ರತಿ ಭಾನುವಾರ ಒಬ್ಬೊಬ್ಬರು ಒಂದೇ ಒಂದು ಹಾಡಿನ ವಿಡಿಯೋ ಹಾಕಿ. ಜೊತೆಗೆ ಯಾಕೆ ಇಷ್ಟ ಅಂತ ಎರಡು ಸಾಲು. ಸುಮ್ನೆ ಲಿಂಕ್ ಎಸೆದು ಓಡಿಹೋಗಬಾರದು!

ಮೊದಲ ಸರದಿ ನನ್ನದು. 1974ರ 'ಸಂಪತ್ತಿಗೆ ಸವಾಲ್' ಚಿತ್ರದ 'ಯಾರೇ ಕೂಗಾಡಲಿ'. ಅದುವರೆಗೆ ತೆರೆ ಮೇಲೆ ಅಣ್ಣಾವ್ರು ಹಾಡಿದರೆ ಹೆಚ್ಚಾಗಿ ಕೇಳುತ್ತಿದ್ದುದು ಪಿ.ಬಿ. ಶ್ರೀನಿವಾಸ್ ದನಿ. ಇದನ್ನು ಅಣ್ಣಾವ್ರೇ ಹಾಡಿದರು. ಆಮೇಲೆ ಅವರ ಹಾಡುಗಳಿಗೆ ಹೆಚ್ಚಾಗಿ ಅವರದೇ ದನಿ. ಸಂಗೀತ ಜಿ.ಕೆ. ವೆಂಕಟೇಶ್. ಆದರೆ ನಾನು ನೋಡುವುದು ಎಮ್ಮೆಯನ್ನು. ಬೆನ್ನ ಮೇಲೆ ಅಷ್ಟು ದೊಡ್ಡ ನಟ ಕೂತು ಹಾಡುತ್ತಿದ್ದರೂ ಅದರ ಮುಖದಲ್ಲಿ ಒಂಚೂರೂ ಗಾಬರಿ ಇಲ್ಲ. ನಮ್ಮ ಮನೆಯವರ ಪ್ರಕಾರ ಬೆಳಗ್ಗೆ ಅಲಾರಂ ಹೊಡೆದಾಗ ನಾನೂ ಹಾಗೇ ಇರುತ್ತೇನಂತೆ.

ಇನ್ನೊಂದು ಮಾತು. ರಾತ್ರಿ ಹತ್ತರ ಮೇಲೆ ಹಾಕಬೇಡಿ. ಹೋದ ತಿಂಗಳು ಹನ್ನೊಂದೂವರೆಗೆ ಬಂದ ತಮಟೆ ವಿಡಿಯೋ ನಾನು ಕಣ್ಣು ಮುಚ್ಚಿಕೊಂಡೇ ಒತ್ತಿಬಿಟ್ಟೆ. ಮಲಗಿದ್ದ ಮೊಮ್ಮಗು ಎದ್ದು ಕುಣಿಯೋಕೆ ಶುರು ಮಾಡಿತು. ಮತ್ತೆ ಮಲಗಿದ್ದು ಒಂದು ಗಂಟೆಗೆ.

ಹಳೆಯದು, ಹೊಸದು, ಭಾವಗೀತೆ, ರಂಗಗೀತೆ ಯಾವುದಾದರೂ ಸರಿ. ಗುಬ್ಬಿ ಕಡೆಯವರು ರಂಗಗೀತೆ ಬಿಡಲ್ಲ ಅಂತ ಗೊತ್ತು. ವೀರಣ್ಣನವರ ಊರು, ಅಲ್ವಾ?

ಮುಂದಿನ ಭಾನುವಾರ ಯಾರು? ಕೈ ಎತ್ತಿ. ಯಾರೂ ಎತ್ತದಿದ್ದರೆ ನಾನೇ ಹಾಡಿ ಕಳಿಸುತ್ತೇನೆ.