ಕಾಯುವುದೂ ಒಂದು ಚಿಕಿತ್ಸೆಯೇ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಹೆರಿಗೆ ವಿಭಾಗದಲ್ಲಿ ಕೆಲಸ ಶುರುಮಾಡುತ್ತಿದ್ದೀಯ, ಅದೂ ಗರ್ಭಪಾತಕ್ಕೆ ಬಿಗಿ ಕಾನೂನಿರುವ ದೇಶದಲ್ಲಿ. ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ ಗರ್ಭ ತೆಗೆಯಬಹುದು ಎಂದು ಅಲ್ಲಿನ ಕಾನೂನು ಹೇಳುತ್ತದೆ. ಎಷ್ಟು ಅಪಾಯ, ಯಾವ ಗಳಿಗೆಯಿಂದ ಅಪಾಯ ಎಂದು ಇಂಥ ಕಾನೂನುಗಳು ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ. ಆ ತೀರ್ಮಾನ ಹಾಸಿಗೆಯ ಪಕ್ಕ ನಿಂತ ವೈದ್ಯರ ಪಾಲಿಗೆ ಬರುತ್ತದೆ. ಹೆದರಿದ ವೈದ್ಯರು ಆಗ ಮಾಡುವುದು ಒಂದೇ: ಕಾಯುವುದು.

ಸವಿತಾ ಹಾಲಪ್ಪನವರ ವಿಷಯ ನಿನಗೆ ಗೊತ್ತು. ಬೆಳಗಾವಿಯ ಮನೆಮಗಳು, ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇ ಆಸ್ಪತ್ರೆಗೆ ದಾಖಲಾದಾಗ 17 ವಾರದ ಗರ್ಭಿಣಿ. ಆ ರಾತ್ರಿಯೇ ನೀರು ಒಡೆಯಿತು. ಮಗು ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಭ್ರೂಣದ ಹೃದಯ ಬಡಿಯುತ್ತಿದೆ ಎಂಬ ಕಾರಣಕ್ಕೆ ಅವರು ಕೇಳಿಕೊಂಡರೂ ಗರ್ಭ ತೆಗೆಯಲಿಲ್ಲ. 28ರಂದು ಸೆಪ್ಸಿಸ್‌ನಿಂದ, ಅಂದರೆ ಸೋಂಕು ಮೈಯೆಲ್ಲ ಹರಡಿ ಅಂಗಾಂಗಗಳು ಕೆಡುವ ಸ್ಥಿತಿಯಿಂದ ತೀರಿಕೊಂಡರು. 2018ರ ಮೇ 25ರ ಜನಮತದಲ್ಲಿ ಆ ದೇಶದವರು, ಹುಟ್ಟದ ಮಗುವಿಗೂ ತಾಯಿಯಷ್ಟೇ ಬದುಕುವ ಹಕ್ಕು ಕೊಟ್ಟಿದ್ದ ಸಂವಿಧಾನದ ಎಂಟನೇ ತಿದ್ದುಪಡಿಯನ್ನೇ ಕಿತ್ತುಹಾಕಿದರು. ಆದರೆ ವೈದ್ಯೆಯಾಗಿ ನೀನು ಗಮನ ಕೊಡಬೇಕಾದದ್ದು ಅವರ ಸಾವಿನ ಬಗ್ಗೆ ಬಂದ 2013ರ ತನಿಖಾ ವರದಿಗೆ. ದಾಖಲಾದ ದಿನದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ 16,900 ಇತ್ತು, ಸೋಂಕಿನ ಅನುಮಾನ ಬರಬೇಕಾದಷ್ಟು ಹೆಚ್ಚು. ಆ ರಕ್ತಪರೀಕ್ಷೆಯ ಫಲಿತಾಂಶವನ್ನು ಯಾರೂ ಬೆನ್ನುಹತ್ತಲಿಲ್ಲ. ನೀರು ಒಡೆದ ಮೇಲೆ 4 ಗಂಟೆಗೊಮ್ಮೆ ನೋಡಬೇಕಿದ್ದ ನಾಡಿ, ಜ್ವರ, ಬಿಪಿಯನ್ನು ಸರಿಯಾಗಿ ನೋಡಲಿಲ್ಲ. ಇರುವ ದಾರಿಗಳನ್ನೆಲ್ಲ ಅವರ ಮುಂದಿಡಲೂ ಇಲ್ಲ. ಕಾನೂನು ಕೈ ಕಟ್ಟಿತ್ತು, ನಿಜ. ಆದರೆ ನಾಡಿ ಹಿಡಿಯಬೇಡಿ ಎಂದು ಯಾವ ಕಾನೂನೂ ಹೇಳಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಕಾಯುವುದೂ ಒಂದು ಚಿಕಿತ್ಸೆಯೇ. ಬೇರೆ ಯಾವ ಚಿಕಿತ್ಸೆಯಂತೆ ಅದಕ್ಕೂ ರೋಗಿಯ ಒಪ್ಪಿಗೆ ಬೇಕು, ನಿಗಾ ಬೇಕು, ಎಲ್ಲಿ ನಿಲ್ಲಿಸಬೇಕೆಂಬ ಗಡಿ ಮೊದಲೇ ಗೊತ್ತಿರಬೇಕು. ಮಗು ಹೊರಗೆ ಬದುಕಲಾರದ ವಾರಗಳಲ್ಲಿ ನೀರು ಒಡೆದರೆ ಗರ್ಭಕೋಶ ಸೋಂಕಿಗೆ ಬಾಗಿಲು ತೆರೆದಂತೆ. ಎಳೆಯ ವಯಸ್ಸಿನ ಗಟ್ಟಿ ಹೆಂಗಸಿನಲ್ಲಿ ಬಿಪಿ ಬೀಳುವುದು ಕೊನೆಗೆ. ಅದಕ್ಕೆ ಮುಂಚೆಯೇ ನಾಡಿ ಏರಿರುತ್ತದೆ, ಉಸಿರು ವೇಗವಾಗಿರುತ್ತದೆ. ನಾಡಿ 100 ದಾಟಿ ಇಳಿಯದಿದ್ದರೆ, ಜ್ವರ 38 ಡಿಗ್ರಿ ಮುಟ್ಟಿದರೆ, ಸ್ರಾವ ವಾಸನೆ ಬಂದರೆ, ಹೊಟ್ಟೆ ಮುಟ್ಟಿದರೆ ನೋವೆಂದರೆ ಬೆಳಗಿನ ರೌಂಡ್ಸ್‌ಗೆ ಬಿಡಬೇಡ. ಚಳಿ ನಡುಕ ಬಂದರೆ ಕೋಣೆ ತಣ್ಣಗಿದೆ ಎಂದು ಹೊದಿಕೆ ಕೊಟ್ಟು ಹೋಗಬೇಡ. ರಕ್ತದಲ್ಲಿ ಯಾವ ರೋಗಾಣು ಇದೆಯೆಂದು ತಿಳಿಯಲು ಬ್ಲಡ್ ಕಲ್ಚರ್ ತೆಗೆದು, ಸೆಪ್ಸಿಸ್ ಎಷ್ಟು ಗಂಭೀರವೆಂದು ತೋರಿಸುವ ಲ್ಯಾಕ್ಟೇಟ್ ಪರೀಕ್ಷೆಗೆ ಕಳಿಸಿ, 1 ಗಂಟೆಯೊಳಗೆ ಆಂಟಿಬಯಾಟಿಕ್ ನರದಲ್ಲಿ ಹೋಗಬೇಕು. ಲ್ಯಾಕ್ಟೇಟ್ 2 ದಾಟಿದ್ದರೆ ಸೀನಿಯರ್‌ಗೆ ಆಗಲೇ ಫೋನ್ ಮಾಡು. ಸೋಂಕಿನ ಮೂಲ ಗರ್ಭಕೋಶದಲ್ಲಿರುವಾಗ ಆಂಟಿಬಯಾಟಿಕ್ ಒಂದೇ ಸಾಲದು, ಅದನ್ನು ಖಾಲಿ ಮಾಡಲೇಬೇಕು. ಐಸಿಯುಗೆ ಹೋಗುವಷ್ಟು ಕೆಟ್ಟ ಮೇಲೆ ಕಾನೂನು ಒಪ್ಪುತ್ತದೆ ಎಂದು ಕೂತರೆ ಅಷ್ಟರಲ್ಲಿ ಅಂಗಾಂಗಗಳು ಕೈಕೊಟ್ಟಿರುತ್ತವೆ.

ರೋಗಿಗೆ ನಿಜ ಹೇಳು. ನಿನ್ನ ಆಸ್ಪತ್ರೆಯಲ್ಲಿ ಆಗದ್ದು ಬೇರೆ ಊರಲ್ಲೋ ಬೇರೆ ದೇಶದಲ್ಲೋ ಆಗುವುದಾದರೆ, ಹಾಗೆ ಹೇಳುವುದನ್ನೇ ಕಾನೂನು ತಡೆಯುತ್ತದೆಯೇ ಎಂದು ಮೊದಲೇ ತಿಳಿದುಕೋ. ತಡೆಯದಿದ್ದರೆ ಮುಚ್ಚಿಡುವ ಹಕ್ಕು ನಿನಗಿಲ್ಲ. "ಏನೂ ಮಾಡೋಕಾಗಲ್ಲ" ಎನ್ನುವುದಕ್ಕೂ "ಇಲ್ಲಿನ ಕಾನೂನು ಬಿಡುವುದಿಲ್ಲ, ವೈದ್ಯಕೀಯವಾಗಿ ದಾರಿ ಇದೆ" ಎನ್ನುವುದಕ್ಕೂ ಅಜಗಜಾಂತರ. ಬೇರೆಡೆ ಕಳಿಸುವುದಾದರೆ ಮೊದಲು ಸ್ಥಿರಗೊಳಿಸು. ರಕ್ತಸ್ರಾವ ನಿಲ್ಲದವಳನ್ನು ಆಂಬುಲೆನ್ಸ್‌ಗೆ ಹತ್ತಿಸಿ ಕೈತೊಳೆದುಕೊಳ್ಳಬೇಡ.

ಕೇಸ್ ಶೀಟ್ ಬರೆಯುವುದು ರೋಗಿಗೂ ನಿನಗೂ ರಕ್ಷೆ. ಸಮಯ, ಅಂಕಿಗಳು, ಮಗು ಉಳಿಯುವ ಸಾಧ್ಯತೆ ಎಷ್ಟು, ಯಾವ ದಾರಿಗಳನ್ನು ಹೇಳಿದೆ, ಅವಳು ಏನು ಕೇಳಿದಳು, ಯಾರಿಗೆ ಫೋನ್ ಮಾಡಿದೆ, ಅವರು ಏನೆಂದರು, ಎಲ್ಲವನ್ನೂ ಆಗಲೇ ಬರೆ. "ರೋಗಿ ಸ್ಥಿರವಾಗಿದ್ದಾರೆ" ಎಂದಷ್ಟೇ ಬರೆದರೆ ನಾಳೆ ಯಾರಿಗೂ ಏನೂ ತಿಳಿಯುವುದಿಲ್ಲ. ಕಾನೂನಿಗೆ ಹೊಂದಲಿ ಎಂದು ರೋಗನಿರ್ಣಯವನ್ನು ತಿದ್ದಬೇಡ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಬೇಡದ್ದನ್ನು ಬರೆಯದಿರುವುದೂ ಅಷ್ಟೇ ಮುಖ್ಯ. ಮನೆಯಲ್ಲಿ ಗರ್ಭ ಇಳಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿ ರಕ್ತಸ್ರಾವವಾಗಿ ಬಂದವಳಿಗೂ ತಾನಾಗೇ ಗರ್ಭ ಇಳಿದವಳಿಗೂ ಸಾಮಾನ್ಯವಾಗಿ ಲಕ್ಷಣ ಒಂದೇ, ಚಿಕಿತ್ಸೆಯೂ ಒಂದೇ. ಚಿಕಿತ್ಸೆ ಬದಲಾಗದಿದ್ದರೆ ಆ ಪ್ರಶ್ನೆ ಏಕೆ ಕೇಳಬೇಕು? ಪೊಲೀಸರಿಗೆ ತಿಳಿಸಲೇಬೇಕು ಎಂದು ವಾರ್ಡಿನಲ್ಲಿ ಯಾರೋ ಹೇಳಿದರೆ, ಯಾವ ಕಾನೂನು, ಯಾವ ಕಲಂ ಎಂದು ತೋರಿಸಲು ಹೇಳು. ಎಲ್ ಸಾಲ್ವಡಾರ್‌ನಲ್ಲಿ 2008ರಲ್ಲಿ ಗರ್ಭ ಕಳೆದುಕೊಂಡು ಆಸ್ಪತ್ರೆಗೆ ಬಂದ ಮಹಿಳೆಯ ಮೇಲೆ ಚಿಕಿತ್ಸೆ ಕೊಟ್ಟ ವೈದ್ಯೆಯೇ ದೂರು ಕೊಟ್ಟರು. ಪೊಲೀಸರು ಆ ಮಹಿಳೆಯನ್ನು ಹಾಸಿಗೆಗೆ ಕೈಕೋಳ ಹಾಕಿ ಬಂಧಿಸಿದರು. ಆಕೆಗೆ 30 ವರ್ಷದ ಶಿಕ್ಷೆಯಾಯಿತು, 2010ರಲ್ಲಿ ಕ್ಯಾನ್ಸರ್‌ನಿಂದ ಬಂಧನದಲ್ಲೇ ತೀರಿಕೊಂಡರು. ಮ್ಯಾನ್ಯುಯೆಲಾ ಎಂಬ ಹೆಸರಿನಲ್ಲಿ ನಡೆದ ಆ ಪ್ರಕರಣದಲ್ಲಿ 2021ರಲ್ಲಿ ಅಂತರ ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ ಆ ದೇಶವನ್ನು ಹೊಣೆಯಾಗಿಸಿತು. ರೋಗಿಯ ಗುಟ್ಟು ಕಾಯುವ ಕರ್ತವ್ಯವನ್ನೂ ಎತ್ತಿಹಿಡಿಯಿತು. ವೈದ್ಯರು ಸ್ವೀಕರಿಸುವ ಜಿನೀವಾ ಪ್ರತಿಜ್ಞೆ ಹೇಳುವುದೂ ಅದನ್ನೇ, ರೋಗಿ ಸತ್ತ ಮೇಲೂ ಗುಟ್ಟು ಗುಟ್ಟಾಗಿಯೇ ಇರಬೇಕು.

ಗರ್ಭ ತೆಗೆಯಲು ಮನಸ್ಸಾಕ್ಷಿ ಒಪ್ಪುವುದಿಲ್ಲ ಎನ್ನುವ ಸಹೋದ್ಯೋಗಿಗಳು ಇರುತ್ತಾರೆ. ಅವರನ್ನು ಗೌರವಿಸು. ಆದರೆ ಪ್ರಾಣಕ್ಕೆ ಕುತ್ತು ಬಂದಾಗ ಆ ಮಾತು ನಡೆಯದು, ಉಳಿದ ಹೊತ್ತಿನಲ್ಲಿ ಒಪ್ಪುವ ವೈದ್ಯರ ಬಳಿ ತಡಮಾಡದೆ ಕಳಿಸಬೇಕು.

ಮೊದಲ ನೈಟ್ ಡ್ಯೂಟಿಗೆ ಮುಂಚೆ ಆಸ್ಪತ್ರೆಯಿಂದ ಇಷ್ಟು ಕೇಳಿ ತಿಳಿದುಕೋ: ರಾತ್ರಿ 2 ಗಂಟೆಗೆ ಫೋನ್ ಎತ್ತುವ ವಕೀಲರು ಯಾರು, ಗರ್ಭ ತೆಗೆಯುವ ತೀರ್ಮಾನಕ್ಕೆ ಸಹಿ ಹಾಕಬೇಕಾದ ಎರಡನೇ ವೈದ್ಯರು ಯಾರು, ಅವರು ಸಿಗದಿದ್ದರೆ ತುರ್ತಿನಲ್ಲಿ ಒಬ್ಬರ ಸಹಿ ಸಾಕೇ. ಬಾಯಿಮಾತಿನ ಉತ್ತರಕ್ಕೆ ಒಪ್ಪಬೇಡ, ಇಮೇಲ್‌ನಲ್ಲಿ ಕೇಳಿ ಅದರ ಪ್ರತಿಯನ್ನು ವಾರ್ಡಿನ ಫೈಲಿನಲ್ಲಿ ಇಡು. ಡ್ಯೂಟಿ ನರ್ಸ್‌ಗೂ ತೋರಿಸು. ನಾಡಿ ಏರಿದ್ದು ಮೊದಲು ಕಾಣುವುದು ಅವರಿಗೇ.

ಇಂತಿ ನಿನ್ನ
ಅಮ್ಮ